ಕ್ಷ-ಕಿರಣದ ಪೆಟ್ಟು: ಒಂದು ಶೋಧನೆಯ ಚರಿತ್ರೆ

ಪ್ರತಿ ವರ್ಷವೂ ಮೂರನೆಯ ತರಗತಿಯ ಮಕ್ಕಳಿಂದ ತೆಂಗಿನ ಚಿಪ್ಪುಗಳಲ್ಲಿ ಮಣ್ಣು ತುಂಬಿಸಿ ಅವರೆಯ ಬೀಜ ಊರಿಸುವುದು ನನ್ನ ವಾಡಿಕೆ. ಒಂದು ವರ್ಷ ಎಲ್ಲರ ಬೀಜಗಳೂ ಮೊಳೆತವು. ಒಬ್ಬ ಬಾಲಕನದು ಮಾತ್ರ ಮೊಳೆಯಲಿಲ್ಲ. ವಿಚಾರಿಸಲಾಗಿ, ಬೇರು ಬಂದಿದೆಯೇ ಎಂದು ಅವನು ದಿನವೂ ಬೀಜವನ್ನು ಅಗೆದು ನೋಡಿ ಮತ್ತೆ ಹೂಳುತ್ತಿದ್ದನೆಂದು ತಿಳಿಯಿತು. ನೋಡಬೇಕೆಂಬ ಆಸೆಯಲ್ಲಿ ತಪ್ಪಿರಲಿಲ್ಲ. ಆದರೆ ನೋಡಿದುದರಿಂದಲೇ ಬೀಜವು ಕೆಟ್ಟಿತು. ಜೀವವಸ್ತುಗಳ ಒಳರಚನೆಯನ್ನು ಅರಿಯಹೊರಟ ವಿಜ್ಞಾನಿಗಳೂ ಇದೇ ಇಕ್ಕಟ್ಟಿಗೆ ಸಿಲುಕಿದರು. ಅವರು ಅದರಿಂದ ಪಾರಾಗಲು ನಡೆಸಿದ ಪ್ರಯತ್ನಗಳ ಚರಿತ್ರೆಯನ್ನು ವಾಚಕರ ಮುಂದೆ ಸಂಗ್ರಹವಾಗಿ ಇಡುವುದು ಈ ಲೇಖನದ ಉದ್ದೇಶ.

ಕೊಯಮತ್ತೂರು, ತಿರುಪ್ಪೂರು ಸೀಮೆಯ ಕನ್ನಡಿಗರಲ್ಲಿ ನೂಲನ್ನೇ ನಂಬಿ ಬಾಳಿದ ಮನೆಗಳು ಬಹಳ. 1956ರವರೆಗೆ ಈ ಜಿಲ್ಲೆಗೇ ಸೇರಿದ್ದ ಕೊಳ್ಳೇಗಾಲದ ರೇಷ್ಮೆಯನ್ನೂ ಇಲ್ಲಿನ ಕರಿಮಣ್ಣಿನ ಹತ್ತಿಯನ್ನೂ ಅರಿಯದವರು ನಮ್ಮಲ್ಲಿಲ್ಲ. ನಮ್ಮ ಚರಿತ್ರೆಯೂ ಇಂತಹ ಎಳೆಗಳಿಂದಲೇ ಆರಂಭವಾಗುತ್ತದೆ. 1895ರಲ್ಲಿ ಜರ್ಮನಿಯ ರಾಂಟ್‌ಜನ್ ಕ್ಷ-ಕಿರಣವನ್ನು ಕಂಡುಹಿಡಿದನು. ಹರಳುಗಳ ಮೂಲಕ ಹಾಯ್ದ ಈ ಕಿರಣಗಳು ಚದರಿ, ಹರಳಿನ ರಚನೆಯನ್ನು ಸೂಚಿಸುವ ಚುಕ್ಕೆಗಳನ್ನು ಮೂಡಿಸುತ್ತವೆಂಬುದು 1912ರಲ್ಲಿ ಲೌಯೆಯ ಪ್ರಯೋಗದಿಂದ ತಿಳಿಯಿತು. ಮರುವರ್ಷವೇ, ಎಂದರೆ 1913ರಲ್ಲಿ, ಜಪಾನಿನ ನಿಶಿಕಾವ ಮತ್ತು ಓನೋ ಎಂಬವರು ರೇಷ್ಮೆಯೇ ಮೊದಲಾದ ಎಳೆಗಳ ಮೂಲಕ ಕ್ಷ-ಕಿರಣವನ್ನು ಹಾಯಿಸಿದರು. ಮಗ್ಗದ ಹಾಸಿನಂತೆ ರೇಷ್ಮೆಯ ಒಳಗೂ ಅಣುಗಳು ಸಾಲುಗೊಂಡಿವೆಯೆಂಬುದಕ್ಕೆ ಸಾಕ್ಷ್ಯ ದೊರೆಯಿತು.

ಒಣ ಎಳೆಗಳು ಕಿರಣದ ಪೆಟ್ಟನ್ನು ಸ್ವಲ್ಪ ಸಹಿಸುತ್ತವೆ. ಪ್ರೋಟೀನುಗಳ ಹರಳುಗಳಾದರೋ ಬಹಳ ಸುಕುಮಾರ. 1934ರಲ್ಲಿ ಕೇಂಬ್ರಿಜ್‌ನಲ್ಲಿ ಬರ್ನಾಲ್ ಮತ್ತು ಡೊರೊಥಿ ಕ್ರೌಫುಟ್ ಅವರು ಜಠರದಲ್ಲಿರುವ ಪೆಪ್ಸಿನ್ನಿನ ಹರಳನ್ನು ಒಣಗಗೊಡದೆ, ಅದು ಹುಟ್ಟಿದ ದ್ರವದಲ್ಲಿಯೇ ಇರಿಸಿ ಚಿತ್ರ ತೆಗೆದರು. ಹರಳು ಒಣಗಿದರೆ ಚಿತ್ರವೇ ಇಲ್ಲ. ನೀರಿದ್ದರೆ ಕಿರಣದ ಹಾವಳಿ ಹೆಚ್ಚು.

ಹಾನಿಯ ಕ್ರಮವನ್ನು ಇಲ್ಲಿ ವಿವರಿಸಬೇಕು. ಮಿಲಿಮೀಟರಿನ ಹತ್ತರಲ್ಲೊಂದು ಪಾಲು ದಪ್ಪದ ಪ್ರೋಟೀನ್ ಹರಳಿನ ಮೇಲೆ ಕ್ಷ-ಕಿರಣದ ನೂರು ಕಣಗಳು ಬಿದ್ದರೆ, ಸುಮಾರು 98 ಏನನ್ನೂ ಮುಟ್ಟದೆ ಹಾಯ್ದುಹೋಗುತ್ತವೆ. ಮುಟ್ಟಿದ ಅಲ್ಪಭಾಗದಲ್ಲಿಯೂ ಚಿತ್ರಕ್ಕೆ ಉಪಯೋಗವಾಗುವಂತೆ ಚದರುವುದು ನೂರಕ್ಕೆ ಎಂಟು ಮಾತ್ರ. ಉಳಿದವು ತಮ್ಮ ಶಕ್ತಿಯನ್ನು ಹರಳಿನಲ್ಲಿ ಬಿಡುತ್ತವೆ. ಅವುಗಳಲ್ಲಿ ಬಹುಪಾಲು ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತೆಸೆಯುತ್ತವೆ. ಅದು ದಾರಿಯುದ್ದಕ್ಕೂ ನೂರಾರು ಎಲೆಕ್ಟ್ರಾನುಗಳನ್ನು ಹೊಡೆದು ಹೊರಡಿಸುತ್ತದೆ. ನೀರಿನ ಅಣುಗಳು ಒಡೆದು, ಹುಟ್ಟಿದ ಚೂರುಗಳು ಸುತ್ತಲಿನ ಪ್ರೋಟೀನನ್ನು ಕೆಡಿಸುತ್ತವೆ. ಚಿತ್ರವನ್ನು ಬರೆಯುವ ಕಿರಣ ಒಂದಾದರೆ, ಚಿತ್ರದ ವಸ್ತುವನ್ನೇ ಹಾಳುಮಾಡುವುವು ಹಲವು.

ಜೀವಿಗಳ ಮೇಲೆ ಇಂತಹ ಪೆಟ್ಟು ಬೀಳುವುದನ್ನು ನಮ್ಮ ಊರಿನಲ್ಲಿಯೇ ಪ್ರಯೋಜನಕ್ಕೆ ತಂದುಕೊಂಡುದುಂಟು. ಕ್ಷ-ಕಿರಣವು ವಂಶಗುಣವನ್ನು ಮಾರ್ಪಡಿಸಬಲ್ಲುದೆಂದು ಅಮೆರಿಕದ ಮುಲ್ಲರ್ 1927ರಲ್ಲಿ ತೋರಿಸಿದ್ದನು. ಎಂ.ಸಿ.ಯು. 7 ಎಂಬ ಕೊಯಮತ್ತೂರಿನ ಹತ್ತಿಯ ತಳಿ, 1970ರ ದಶಕದಲ್ಲಿ ರೈತರ ಕೈಸೇರಿದುದು, ಹೀಗೆ ಕ್ಷ-ಕಿರಣ ಹಾಯಿಸಿ ಪಡೆದ ತಳಿಯೇ ಆಗಿದೆ. ತಳಿಗಾರನಿಗೆ ಬದಲಾವಣೆಯೇ ಬೇಕು. ಇದ್ದುದನ್ನು ಇದ್ದಂತೆಯೇ ಕಾಣಬೇಕಾದವನಿಗೆ ಅದೇ ಶತ್ರು.

ಈ ಶತ್ರುವಿನ ಬಲವನ್ನು ಮೊದಲು ಅಳೆದವರು ಲಂಡನ್ನಿನ ಬ್ಲೇಕ್ ಮತ್ತು ಫಿಲಿಪ್ಸ್. ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಎಂಬ ಪ್ರೋಟೀನಿನ ಹರಳನ್ನು ಪರೀಕ್ಷಿಸಿ, ಹೀರಲ್ಪಟ್ಟ ಕ್ಷ-ಕಿರಣದ ಒಂದೊಂದು ಕಣವೂ ಸುಮಾರು 70 ಅಣುಗಳನ್ನು ಪೂರ್ತಿ ಕೆಡಿಸಿ, ಇನ್ನೂ 90ನ್ನು ಅಸ್ತವ್ಯಸ್ತಗೊಳಿಸುವುದೆಂದು 1962ರಲ್ಲಿ ಅವರು ತಿಳಿಸಿದರು. ಅಲ್ಲಿಯವರೆಗೆ ಒಂದು ಹರಳು ದಣಿದರೆ ಅದನ್ನು ಎಸೆದು ಮತ್ತೊಂದನ್ನು ಇಡುತ್ತಿದ್ದರೇ ಹೊರತು, ದಣಿವಿನ ಲೆಕ್ಕವನ್ನು ಯಾರೂ ಹೀಗೆ ಇಟ್ಟಿರಲಿಲ್ಲ.

ದಕ್ಷಿಣ ಭಾರತವೂ ಈ ವಿದ್ಯೆಯಲ್ಲಿ ಹಿಂದುಳಿಯಲಿಲ್ಲ. ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು ಮದರಾಸು ವಿಶ್ವವಿದ್ಯಾಲಯಕ್ಕೆ ಬಂದು, ಚರ್ಮ ಮತ್ತು ಸ್ನಾಯುಬಂಧಗಳ ಕೊಲಾಜನ್ ಪ್ರೋಟೀನು ಮೂರು ಎಳೆಗಳ ಹುರಿಯೆಂಬುದನ್ನು ಗೋಪಿನಾಥ್ ಕರ್ತಾ ಅವರೊಡನೆ 1954ರಲ್ಲಿ ಪ್ರತಿಪಾದಿಸಿದರು. 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅವರ ನೇತೃತ್ವದಲ್ಲಿ ಅಣುಜೀವ ಭೌತವಿಜ್ಞಾನದ ವಿಭಾಗವು ನೆಲೆಗೊಂಡಿತು. ಆಕ್ಸ್‌ಫರ್ಡಿನಲ್ಲಿ ಡೊರೊಥಿ ಹಾಡ್ಜ್‌ಕಿನ್ ಅವರ ಬಳಿ (ಮೇಲೆ ಹೇಳಿದ ಕ್ರೌಫುಟ್ ಅವರೇ ಇವರು) ಇನ್ಸುಲಿನ್ನಿನ ರಚನೆಯಲ್ಲಿ ದುಡಿದ ಎಂ. ವಿಜಯನ್ ಅವರು ಅದೇ ಬೆಂಗಳೂರಿನಲ್ಲಿ ಪ್ರೋಟೀನ್ ಹರಳುಗಳ ಅಧ್ಯಯನವನ್ನು ಬೆಳೆಸಿದರು. 1994ರಲ್ಲಿ ಅವರ ತಂಡವು ಬಿಡಿಸಿದ ರಚನೆಗಳಲ್ಲೊಂದು ನಮ್ಮ ಹೊಲಗಳಲ್ಲಿ ಬೆಳೆಯುವ ಕಡಲೆಕಾಯಿಯ ಲೆಕ್ಟಿನ್ ಎಂಬ ಪ್ರೋಟೀನಿನದು.

ಕ್ಷ-ಕಿರಣಕ್ಕೆ ಬದಲಾಗಿ ಎಲೆಕ್ಟ್ರಾನುಗಳಿಂದಲೇ ನೋಡುವ ಸೂಕ್ಷ್ಮದರ್ಶಕದಲ್ಲಿಯೂ ಕಷ್ಟ ತಪ್ಪಲಿಲ್ಲ. ಚಿತ್ರ ಸ್ಪಷ್ಟವಾಗುವಷ್ಟು ಎಲೆಕ್ಟ್ರಾನುಗಳನ್ನು ಹಾಯಿಸಿದರೆ ವಸ್ತು ಸುಟ್ಟುಹೋಗುತ್ತಿತ್ತು. ಕಡಿಮೆ ಹಾಯಿಸಿದರೆ ಚಿತ್ರ ಮಸುಕು. 1975ರಲ್ಲಿ ಕೇಂಬ್ರಿಜ್‌ನ ಹೆಂಡರ್ಸನ್ ಮತ್ತು ಅನ್‌ವಿನ್ ಒಂದು ಉಪಾಯವನ್ನು ಮಾಡಿದರು. ಅತ್ಯಲ್ಪ ಎಲೆಕ್ಟ್ರಾನುಗಳನ್ನೇ ಹಾಯಿಸಿ, ಒಂದೇ ಬಗೆಯ ಸಾವಿರಾರು ಅಣುಗಳ ಮಸುಕಾದ ಗುರುತುಗಳನ್ನು ಕೂಡಿಸಿ ಒಂದು ರೂಪವನ್ನು ಪಡೆದರು. ಯಾವೊಂದು ಅಣುವಿನ ಮೇಲೂ ಪೂರ್ಣ ಭಾರವನ್ನು ಹೊರಿಸಲಿಲ್ಲ.

ಎರಡನೆಯ ಉಪಾಯ ಶೈತ್ಯ. ದ್ರವ ಸಾರಜನಕದ ಉಷ್ಣತೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಆ ಚಳಿಯಲ್ಲಿ ಒಡೆದ ಚೂರುಗಳು ಅಲ್ಲಲ್ಲೇ ಸೆಟೆದು ನಿಲ್ಲುತ್ತವೆ, ಬೇಗ ಹರಡವು. ಆದರೆ ನೀರು ಹೆಪ್ಪುಗಟ್ಟಿ ಹರಳಾದರೆ ಪ್ರೋಟೀನು ಹಾಳಾಗುತ್ತದೆ. 1980ರ ದಶಕದ ಆರಂಭದಲ್ಲಿ ಡುಬೋಶೆ ಮತ್ತು ಸಂಗಡಿಗರು ನೀರನ್ನು ಅತಿ ಶೀಘ್ರವಾಗಿ ತಣಿಸಿ, ಹರಳಿಲ್ಲದ ಗಾಜಿನಂತಹ ಹಿಮವನ್ನಾಗಿಸಿದರು. ಡುಬೋಶೆ, ಫ್ರಾಂಕ್ ಮತ್ತು ಹೆಂಡರ್ಸನ್ ಅವರಿಗೆ 2017ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು.

ಶೈತ್ಯವೂ ಪೂರ್ಣ ರಕ್ಷೆಯಲ್ಲ. ಒಂದು ಕಿಲೋಗ್ರಾಂ ವಸ್ತುವು ಒಂದು ಜೌಲ್ ಶಕ್ತಿಯನ್ನು ಹೀರಿದರೆ ಅದಕ್ಕೆ ಒಂದು ಗ್ರೇ ಎನ್ನುತ್ತಾರೆ. ತಣಿಸಿದ ಹರಳಿನ ಚಿತ್ರದ ಬಲವು ಸುಮಾರು 2 ಕೋಟಿ ಗ್ರೇಗೆ ಅರ್ಧಕ್ಕೆ ಇಳಿಯುವುದೆಂದು 1990ರಲ್ಲಿ ಹೆಂಡರ್ಸನ್ ಅಂದಾಜು ಮಾಡಿದರು. 2006ರಲ್ಲಿ ಗಾರ್ಮನ್ ಮತ್ತು ಜೊತೆಗಾರರು ಅಳೆದುನೋಡಿ, 3 ಕೋಟಿ ಗ್ರೇಯನ್ನು ಮೀರಬಾರದೆಂದು ಸೂಚಿಸಿದರು. ಮನುಷ್ಯನ ಶರೀರಕ್ಕೆ ಐದಾರು ಗ್ರೇ ಬಿದ್ದರೂ ಪ್ರಾಣಾಪಾಯವೆಂಬುದನ್ನು ನೆನೆದರೆ ಈ ಸಂಖ್ಯೆಯ ಅಗಾಧತೆ ತಿಳಿಯುತ್ತದೆ.

ಎಲ್ಲಕ್ಕಿಂತ ಭಯಪಡಬೇಕಾದ ಹಾನಿ, ಚಿತ್ರ ಚೆನ್ನಾಗಿರುವಾಗಲೇ ಗುಟ್ಟಾಗಿ ನಡೆಯುವ ಹಾನಿ. ಚುಕ್ಕೆಗಳು ಮಸುಕಾಗುವ ಮೊದಲೇ ಪ್ರೋಟೀನಿನಲ್ಲಿ ಗಂಧಕ ಗಂಧಕಗಳ ಬೆಸುಗೆ ಕಳಚುತ್ತದೆಂದು 2000ದಲ್ಲಿ ಪ್ರಕಟವಾದ ಶೋಧನೆಗಳು ತೋರಿಸಿದವು. ಎಲೆಯ ಹಸಿರಿನಲ್ಲಿ ನೀರನ್ನು ಒಡೆದು ಆಮ್ಲಜನಕವನ್ನು ಬಿಡುವ ಪ್ರೋಟೀನ್ ಸಮೂಹದ ನಡುವೆ ನಾಲ್ಕು ಮ್ಯಾಂಗನೀಸ್ ಮತ್ತು ಒಂದು ಕ್ಯಾಲ್ಸಿಯಂ ಪರಮಾಣುಗಳಿವೆ. ನಾವು ಉಸಿರಾಡುವ ಗಾಳಿಯೇ ಅದರ ಕೊಡುಗೆ. ಅದರ ರಚನೆಯನ್ನು ಕ್ಷ-ಕಿರಣದಿಂದ ಬರೆಯುವಾಗ ಮ್ಯಾಂಗನೀಸಿನ ಸ್ಥಿತಿಯೇ ಕಿರಣದಿಂದ ಮಾರ್ಪಡುತ್ತಿತ್ತೆಂದು 2005ರಲ್ಲಿ ಬಯಲಾಯಿತು. ಕಂಡದ್ದು ಎಲೆಯೊಳಗಿನ ಸ್ಥಿತಿಯಲ್ಲ, ಪೆಟ್ಟು ತಿಂದ ಮೇಲಿನ ಸ್ಥಿತಿ! ಹಾನಿ ಹರಡುವ ಮೊದಲೇ ಚಿತ್ರ ಮುಗಿಯುವಂತೆ, ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗಕ್ಕಿಂತಲೂ ಕಡಿಮೆ ಕಾಲದ ಕಿರಣಗಳನ್ನು ಹಾಯಿಸಿ, 2015ರಲ್ಲಿ ಜಪಾನಿನವರು ಆ ರಚನೆಯನ್ನು ತಿದ್ದಿ ಬರೆದರು. ಮ್ಯಾಂಗನೀಸುಗಳ ನಡುವಣ ಕೆಲವು ಅಂತರಗಳು ಹಿಂದೆ ಬರೆದುದಕ್ಕಿಂತ ಕಿರಿದೆಂದು ಕಂಡಿತು.

ಈ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ತೋರುವುದು ಯಂತ್ರಗಳ ಮಹಿಮೆಯಲ್ಲ. ತಾವು ಮಾಡಿದ ಹಾನಿಯನ್ನು ಮುಚ್ಚಿಡದೆ, ಅದನ್ನೂ ಅಳೆದು, ಬರೆದು, ಹಳೆಯ ಚಿತ್ರವನ್ನು ತಿದ್ದಿದ ಪ್ರಾಮಾಣಿಕತೆ. ಪುಸ್ತಕದಲ್ಲಿ ಅಚ್ಚಾದುದೆಲ್ಲ ಕೊನೆಯ ಮಾತೆಂದು ಮಕ್ಕಳಿಗೆ ಹೇಳಿಕೊಡುವ ನನ್ನಂತಹವರಿಗೆ ಇದರಲ್ಲಿ ಪಾಠವಿದೆ.

ಈಗ ನಮ್ಮ ತರಗತಿಯಲ್ಲಿ ಒಂದು ಬೀಜದ ಬದಲು ಹತ್ತು ಬೀಜಗಳನ್ನು ಒಂದೇ ದಿನ ಊರಿಸುತ್ತೇನೆ. ದಿನಕ್ಕೊಂದನ್ನು ಮಾತ್ರ ಅಗೆದು ನೋಡಿ, ಬೇರಿನ ಚಿತ್ರ ಬರೆದು, ಅದನ್ನು ಮತ್ತೆ ಹೂಳದೆ ತೆಗೆದಿಡುತ್ತೇವೆ. ಎಷ್ಟು ಬೀಜ ಕೆಡಿಸಿದೆವೆಂಬುದನ್ನೂ ಚಿತ್ರದ ಕೆಳಗೆ ಬರೆಯಬೇಕೆಂಬುದು ನಿಯಮ. ಅಂದು ದಿನವೂ ಬೀಜವನ್ನು ಅಗೆದ ಬಾಲಕನೇ ನನಗೆ ಈ ನಿಯಮವನ್ನು ಕಲಿಸಿದವನು.