ಸಕಾರಾಂತ ಹೆಸರುಗಳ ಷಷ್ಠೀರೂಪ: ಇಂಗ್ಲಿಷ್ ಲೋಪಚಿಹ್ನೆಯ ಚರಿತ್ರೆಯಲ್ಲೊಂದು ತೊಡಕು

ಕೀಟ್ಸ್ ಕವಿಯ ಪ್ರಗಾಥಗಳನ್ನು ಕುರಿತು ಇಂಗ್ಲಿಷಿನಲ್ಲಿ ಉತ್ತರ ಬರೆಯಲು ಕುಳಿತ ವಿದ್ಯಾರ್ಥಿಯು ಮೊದಲ ವಾಕ್ಯದಲ್ಲಿಯೇ ಒಂದು ತೊಡಕಿಗೆ ಸಿಕ್ಕಿಕೊಳ್ಳುವುದುಂಟು. ಕವಿಯ ಹೆಸರು ಎಸ್ ಅಕ್ಷರದಿಂದ ಮುಗಿಯುತ್ತದೆ. ‘ಕೀಟ್ಸನ’ ಎಂಬ ಅರ್ಥ ಬರಬೇಕಾದರೆ ಅಪಾಸ್ಟ್ರಫಿ ಎಂಬ ಲೋಪಚಿಹ್ನೆಯೊಂದನ್ನೇ ಇಟ್ಟರೆ ಸಾಕೆ, ಅಥವಾ ಚಿಹ್ನೆಯ ಬಳಿಕ ಮತ್ತೊಂದು ಎಸ್ ಬರೆಯಬೇಕೆ? ಒಬ್ಬ ಪರೀಕ್ಷಕರು ಕೆಂಪು ಗೆರೆ ಎಳೆದ ರೂಪವನ್ನು ಮತ್ತೊಬ್ಬರು ಶುದ್ಧವೆಂದು ಒಪ್ಪುತ್ತಾರೆ. ಇಬ್ಬರೂ ವ್ಯಾಕರಣದ ಹೆಸರನ್ನೇ ಹೇಳುತ್ತಾರೆ. ಆದರೆ ಈ ವಿವಾದವು ಹುಟ್ಟಿದ್ದು ವ್ಯಾಕರಣದಲ್ಲಿ ಅಲ್ಲ. ಉಚ್ಚಾರಣೆಯ ಒಂದು ಸಣ್ಣ ಸಂಗತಿಯನ್ನು ಬಹುಕಾಲ ತಪ್ಪಾಗಿ ತಿಳಿದುಕೊಂಡುದರ ಫಲವಿದು. ಅದರ ಚರಿತ್ರೆಯನ್ನು ಇಲ್ಲಿ ಪರಿಶೀಲಿಸಬಹುದು.

೧೦೬೬ರ ನಾರ್ಮನ್ ವಿಜಯಕ್ಕೆ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೆ ಸಂಸ್ಕೃತದಲ್ಲಿರುವಂತೆ ಬಗೆಬಗೆಯ ವಿಭಕ್ತಿಪ್ರತ್ಯಯಗಳಿದ್ದವು. ಪುಲ್ಲಿಂಗ ನಪುಂಸಕಲಿಂಗಗಳ ಅನೇಕ ಶಬ್ದಗಳು ಷಷ್ಠೀ ಏಕವಚನದಲ್ಲಿ ಇ ಮತ್ತು ಎಸ್ ಎಂಬ ಎರಡಕ್ಷರದ ಪ್ರತ್ಯಯವನ್ನು ಪಡೆಯುತ್ತಿದ್ದವು. ಸ್ತ್ರೀಲಿಂಗಕ್ಕೂ ಇತರ ಕೆಲವು ವರ್ಗಗಳಿಗೂ ಬೇರೆ ಪ್ರತ್ಯಯಗಳಿದ್ದವು. ಮುಂದಿನ ಶತಮಾನಗಳಲ್ಲಿ ಆ ವೈವಿಧ್ಯವೆಲ್ಲ ಅಳಿದು, ಈ ಒಂದು ಪ್ರತ್ಯಯವೇ ಬಹುಮಟ್ಟಿಗೆ ಎಲ್ಲ ನಾಮಪದಗಳಿಗೂ ವ್ಯಾಪಿಸಿತು. ಅನಂತರ ಅದರೊಳಗಿನ ಸ್ವರವೂ ಸವೆಯಿತು. ‘ಕಿಂಗೆಸ್’ ಎಂದು ಎರಡು ಮಾತ್ರೆಯಷ್ಟು ನಿಂತು ನುಡಿಯುತ್ತಿದ್ದುದು ‘ಕಿಂಗ್ಸ್’ ಎಂದು ಮೊಟಕಾಯಿತು.

ಆದರೆ ಒಂದೆಡೆ ಮಾತ್ರ ಆ ಸ್ವರ ಸಾಯಲಿಲ್ಲ. ಶಬ್ದವು ಊಷ್ಮಧ್ವನಿಯಿಂದಲೇ ಮುಗಿದಿದ್ದರೆ ಅದರ ಮೇಲೆ ಇನ್ನೊಂದು ಸಕಾರವನ್ನು ಸ್ವರದ ಆಸರೆಯಿಲ್ಲದೆ ಉಚ್ಚರಿಸಲು ನಾಲಗೆ ಒಪ್ಪದು. ಆದುದರಿಂದ ‘ಜೇಮ್ಸ್’ ಎಂಬ ಹೆಸರಿನ ಷಷ್ಠಿಯು ಆಗಲೂ ಈಗಲೂ ಬಾಯಲ್ಲಿ ‘ಜೇಮ್ಸಿಸ್’ ಎಂದೇ ಇದೆ. ಮುಂದಿನ ಗೊಂದಲಕ್ಕೆಲ್ಲ ಮೂಲವಾದ ಸಂಗತಿ ಇದೇ ಎಂದು ತೋರುತ್ತದೆ.

ಈ ‘ಇಸ್’ ಎಂಬ ತುಂಡು, ‘ಅವನ’ ಎಂಬರ್ಥದ ‘ಹಿಸ್’ ಸರ್ವನಾಮವನ್ನು ಬಹಳ ಹೋಲುತ್ತಿತ್ತು. ವೇಗವಾದ ಮಾತಿನಲ್ಲಿ ಆ ಸರ್ವನಾಮದ ಹಕಾರವು ಕೇಳಿಸುವುದೇ ಇಲ್ಲ. ‘ಜೇಮ್ಸಿಸ್’ ಎಂದು ಕೇಳಿದ ಲಿಪಿಕಾರನು ‘ಜೇಮ್ಸ್ ಹಿಸ್’ ಎಂದು ಬರೆದುಕೊಂಡರೆ ಅವನನ್ನು ದೂರುವಂತಿಲ್ಲ; ‘ಜೇಮ್ಸ್, ಅವನ ಪುಸ್ತಕ’ ಎಂಬ ಅನ್ವಯವೂ ಅರ್ಥವತ್ತಾಗಿಯೇ ಕಾಣುತ್ತದೆ. ಹದಿನಾರು ಹದಿನೇಳನೆಯ ಶತಮಾನಗಳ ಗ್ರಂಥನಾಮಗಳನ್ನು ನೋಡಿದರೆ ಈ ಬರೆವಣಿಗೆ ಎಷ್ಟು ಪ್ರತಿಷ್ಠೆ ಪಡೆದಿತ್ತೆಂಬುದು ತಿಳಿಯುತ್ತದೆ. ಜಾನ್ ಡನ್ನನ ೧೬೧೧ರ ವಿಡಂಬನಗ್ರಂಥದ ಹೆಸರಿನಲ್ಲಿ ಇಗ್ನೇಷಿಯಸ್ಸನ ಷಷ್ಠಿಯು ಹೀಗೆ ‘ಹಿಸ್’ ಸೇರಿಯೇ ಬಂದಿದೆ. ೧೬೦೫ರಲ್ಲಿ ಅಚ್ಚಾದ ಬೆನ್ ಜಾನ್ಸನ್ನನ ‘ಸೆಜೇನಸ್’ ನಾಟಕದ ಹೆಸರೂ ಅದೇ ರೀತಿಯದು. ರೂಢಿಯು ಬೆಳೆದಂತೆ ಸಕಾರಾಂತವಲ್ಲದ ಹೆಸರುಗಳಿಗೂ ಹಬ್ಬಿತು. ಅದೇ ಕವಿಯ ೧೬೧೧ರ ‘ಕ್ಯಾಟಿಲೈನ್’ ನಾಟಕ ಅದಕ್ಕೆ ನಿದರ್ಶನ. ೧೬೬೨ರ ಆಂಗ್ಲಿಕನ್ ಪ್ರಾರ್ಥನಾಗ್ರಂಥದಲ್ಲಿಯೂ ಯೇಸುಕ್ರಿಸ್ತನ ಹೆಸರಿಗೆ ‘ಹಿಸ್’ ಸೇರಿಸಿ ಬೇಡುವ ಪ್ರಾರ್ಥನೆಯೊಂದು ಇದೆ.

ಸ್ವಾರಸ್ಯದ ಸಂಗತಿಯೆಂದರೆ, ಈ ರೂಢಿಯನ್ನು ಕಟುವಾಗಿ ಖಂಡಿಸಿದವನೂ ಬೆನ್ ಜಾನ್ಸನ್ನನೇ. ಅವನು ೧೬೩೭ರಲ್ಲಿ ತೀರಿಕೊಂಡ ಮೇಲೆ ೧೬೪೦ರಲ್ಲಿ ಪ್ರಕಟವಾದ ಅವನ ಇಂಗ್ಲಿಷ್ ವ್ಯಾಕರಣದಲ್ಲಿ, ಷಷ್ಠಿಗಾಗಿ ‘ಹಿಸ್’ ಬಳಸುವುದು ವಿಕಾರವಾದ ವಾಕ್ಯರಚನೆಯೆಂದು ತಿರಸ್ಕೃತವಾಗಿದೆ. ಅದಕ್ಕೆ ಅವನು ಕೊಟ್ಟ ಕಾರಣ ಇನ್ನೂ ಮುಖ್ಯವಾದುದು. ಊಷ್ಮಧ್ವನಿಯಲ್ಲಿ ಮುಗಿಯುವ ಶಬ್ದಗಳಲ್ಲಿ ಷಷ್ಠಿಯನ್ನೂ ಬಹುವಚನವನ್ನೂ ಬೇರೆ ಬೇರೆ ಸ್ವರಗಳಿಂದ ಗುರುತಿಸದೆ ಹೋದುದರಿಂದಲೇ ಈ ದೋಷ ನುಸುಳಿತೆಂದು ಅವನ ಅಭಿಪ್ರಾಯ. ‘ಪ್ರಿನ್ಸ್’ ಶಬ್ದವನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದಾನೆ. ಅವನು ಸೂಚಿಸಿದ ಸ್ವರಭೇದವನ್ನು ಯಾರೂ ಅನುಸರಿಸಲಿಲ್ಲ. ಆದರೆ ರೋಗವು ಯಾವ ಅಂಗದಲ್ಲಿ ಹುಟ್ಟಿತೆಂಬುದನ್ನು ಅವನು ಸರಿಯಾಗಿಯೇ ಕಂಡಿದ್ದನು. ತನ್ನ ನಾಟಕಗಳ ಮುಖಪುಟದಲ್ಲಿ ಅದೇ ರೂಪವನ್ನು ಉಳಿಸಿಕೊಂಡವನ ಬಾಯಿಂದ ಈ ಮಾತು ಬಂದುದು, ರೂಢಿಯ ಬಲ ಎಷ್ಟೆಂಬುದನ್ನು ತೋರಿಸುತ್ತದೆ.

ಇಷ್ಟಾದರೂ ಭ್ರಾಂತಿ ತೊಲಗಲಿಲ್ಲ. ೧೭೧೧ರಲ್ಲಿ ಅಡಿಸನ್ನನು ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಬರೆಯುತ್ತ, ಷಷ್ಠಿಯ ಎಸ್ ಎಂಬುದು ಪೂರ್ವಿಕರ ‘ಹಿಸ್’, ‘ಹರ್’ ಸರ್ವನಾಮಗಳ ಸ್ಥಾನದಲ್ಲಿ ನಿಂತ ಅಕ್ಷರವೆಂದು ನಂಬಿದ್ದನು. ೧೭೫೫ರ ನಿಘಂಟಿಗೆ ಸೇರಿಸಿದ ವ್ಯಾಕರಣದಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ನನು ಈ ವಾದವನ್ನು ಮುರಿದನು: ಸ್ತ್ರೀವಾಚಕಗಳಿಗೂ ಇದೇ ಎಸ್ ಹತ್ತುವುದರಿಂದ ಅದು ‘ಅವನ’ ಎಂಬುದರ ಸಂಕ್ಷೇಪವಾಗಲಾರದು. ವಾದ ಮುರಿದರೂ ಚಿಹ್ನೆ ಉಳಿಯಿತು.

ಈ ಚಿಹ್ನೆಯು ಇಂಗ್ಲಿಷಿನ ಸ್ವಂತದ್ದಲ್ಲ. ಗ್ರೀಕ್ ಹೆಸರಿನ ಈ ಗುರುತನ್ನು ಹದಿನಾರನೆಯ ಶತಮಾನದಲ್ಲಿ ಫ್ರೆಂಚ್ ಬರೆವಣಿಗೆಗೆ ತಂದವರಲ್ಲಿ ಪ್ಯಾರಿಸ್ಸಿನ ಮುದ್ರಣಕಾರ ಜೊಫ್ರ್ವಾ ತೋರಿ ಪ್ರಮುಖನು. ಅವನ ‘ಷಾಂಫ್ಲೂರಿ’ ಗ್ರಂಥದ ಕಾಲ ೧೫೨೯. ‘ಶಿವೋಽಹಂ’ ಎಂಬಲ್ಲಿ ಅಕಾರವು ಲೋಪವಾದುದನ್ನು ನಮ್ಮ ಅವಗ್ರಹವು ತೋರಿಸುವಂತೆ, ಬಿಟ್ಟುಹೋದ ಸ್ವರವನ್ನು ತೋರಿಸುವುದೇ ಅದರ ಕೆಲಸವಾಗಿತ್ತು. ಇಂಗ್ಲೆಂಡಿಗೆ ಬಂದ ಮೇಲೂ ಅದು ಬಹುಕಾಲ ಷಷ್ಠಿಯ ಗುರುತಾಗಿರಲಿಲ್ಲ. ಷೇಕ್ಸ್‌ಪಿಯರನ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದ ೧೫೯೮ರ ಮುಖಪುಟದ ಹೆಸರಿನಲ್ಲಿ ಈ ಚಿಹ್ನೆ ಒಂದೂ ಇಲ್ಲ. ೧೬೧೧ರ ಬೈಬಲ್ ಅನುವಾದದಲ್ಲಿ ಮೋಸೆಸನ ಪೀಠವೆಂಬಲ್ಲಿ ಹೆಸರು ಬರಿದಾಗಿಯೇ ನಿಂತಿದೆ. ಇಂದಿನ ಪ್ರತಿಗಳಲ್ಲಿ ಕಾಣುವ ಚಿಹ್ನೆಯು ಆಮೇಲಿನವರು ಇಟ್ಟದ್ದು. ಏಕವಚನದ ಷಷ್ಠಿಗೆ ಚಿಹ್ನೆಯನ್ನಿಡುವ ಪದ್ಧತಿ ಹದಿನೇಳನೆಯ ಶತಮಾನದ ಕೊನೆಗೆ ನೆಲೆಗೊಂಡಿತು. ಬಹುವಚನಕ್ಕೆ ಇನ್ನೂ ನೂರು ವರ್ಷ ಬೇಕಾಯಿತು. ಆದುದರಿಂದ ಹಳೆಯ ಪಠ್ಯವೊಂದರ ಆಧುನಿಕ ಆವೃತ್ತಿಯನ್ನು ಹಿಡಿದು, ಅದರ ಕರ್ತೃವು ಏಕವಚನವನ್ನು ಉದ್ದೇಶಿಸಿದನೋ ಬಹುವಚನವನ್ನೋ ಎಂದು ಚಿಹ್ನೆಯ ಸ್ಥಾನದಿಂದ ನಿರ್ಣಯಿಸಹೊರಡುವುದು ಆಧಾರವಿಲ್ಲದ ಕೆಲಸ. ಚರಿತ್ರೆಯ ವಿದ್ಯಾರ್ಥಿಗಳು ಇದನ್ನು ಮರೆಯಬಾರದು.

‘ಕಿಂಗ್’ ಶಬ್ದದ ಷಷ್ಠಿಯಲ್ಲಿ ಚಿಹ್ನೆಯು ನಿಜವಾಗಿಯೂ ಲೋಪವಾದ ಸ್ವರದ ಜಾಗದಲ್ಲಿದೆ. ‘ಜೇಮ್ಸ್’ ಹೆಸರಿನ ಮುಂದೆ ಚಿಹ್ನೆಯನ್ನೂ ಎಸ್ಸನ್ನೂ ಬರೆದಾಗಲಾದರೋ ಅದು ಲೋಪವಾಗದ, ಬಾಯಲ್ಲಿ ಸ್ಪಷ್ಟವಾಗಿ ನುಡಿಯುವ ಸ್ವರದ ಜಾಗದಲ್ಲಿ ಕುಳಿತಿದೆ. ಲೋಪವಿಲ್ಲದ ಕಡೆ ಲೋಪಚಿಹ್ನೆ! ಸಕಾರಾಂತ ಹೆಸರುಗಳ ಮುಂದೆ ಬರೆಯುವವನ ಕೈ ತಡೆಯುವುದು ಆಶ್ಚರ್ಯವಲ್ಲ. ಕಣ್ಣಿಗೆ ಎರಡು ಎಸ್ ಅತಿಯೆನಿಸುತ್ತದೆ, ಕಿವಿಗೆ ಒಂದು ಸಾಲದು.

ನಿಯಮಕಾರರು ಕಣ್ಣು ಕಿವಿಗಳ ನಡುವೆ ಓಲಾಡುತ್ತ ಬಂದಿದ್ದಾರೆ. ಆಕ್ಸ್‌ಫರ್ಡ್ ಮುದ್ರಣಾಲಯದ ಹೊರೇಸ್ ಹಾರ್ಟ್ ೧೮೯೩ರಲ್ಲಿ ತನ್ನ ಕೆಲಸಗಾರರಿಗಾಗಿ ಅಚ್ಚುಮಾಡಿ, ೧೯೦೪ರಲ್ಲಿ ಸಾರ್ವಜನಿಕರಿಗೆ ದೊರಕಿಸಿದ ನಿಯಮಾವಳಿಯ ಪರಂಪರೆಯು ಇಂಗ್ಲಿಷ್ ಹೆಸರುಗಳಿಗೆ ಎರಡನೆಯ ಎಸ್ ಸೇರಿಸಿ, ಪ್ರಾಚೀನರ ಹೆಸರುಗಳಿಗೆ ವಿನಾಯಿತಿ ಕೊಡುತ್ತದೆ. ಅಮೆರಿಕದ ವಿಲಿಯಂ ಸ್ಟ್ರಂಕನ ೧೯೧೮ರ ಕೈಪಿಡಿಯ ಮೊದಲ ನಿಯಮವೇ ಇದು. ಅಲ್ಲಿಯೂ ಯೇಸು ಮೊದಲಾದವರಿಗೆ ವಿನಾಯಿತಿಯುಂಟು. ಈ ವಿನಾಯಿತಿಗೆ ಭಕ್ತಿಯಾಗಲಿ ಪ್ರಾಚೀನತೆಯ ಗೌರವವಾಗಲಿ ಸಾಕಷ್ಟು ಕಾರಣವೆನಿಸದು. ಇಂತಹ ಹೆಸರುಗಳು ಮೊದಲಿನಿಂದಲೂ ಪ್ರತ್ಯಯವಿಲ್ಲದೆ ಷಷ್ಠಿಯಾಗಿ ನಿಲ್ಲುತ್ತಿದ್ದುದರ ಪಳೆಯುಳಿಕೆ ಅದು. ಷಿಕಾಗೋ ವಿಶ್ವವಿದ್ಯಾನಿಲಯದ ಕೈಪಿಡಿಯು ತನ್ನ ೨೦೧೦ರ ಹದಿನಾರನೆಯ ಆವೃತ್ತಿಯಲ್ಲಿ ಯೂರಿಪಿಡೀಸ್‌ನಂತಹ ಗ್ರೀಕ್ ಹೆಸರುಗಳ ವಿನಾಯಿತಿಯನ್ನೂ ತೆಗೆದುಹಾಕಿತು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಪದ್ಧತಿ ಇದಕ್ಕೆ ಪೂರಾ ವಿರುದ್ಧ: ಸಕಾರಾಂತ ಅಂಕಿತನಾಮಗಳಿಗೆಲ್ಲ ಚಿಹ್ನೆ ಮಾತ್ರ.

ಇಂತಹ ಸ್ಥಿತಿಯಲ್ಲಿ ಪರೀಕ್ಷಕರು ಒಂದು ರೂಪವನ್ನು ಅಪಶಬ್ದವೆಂದು ಗಣಿಸಿ ಅಂಕ ಕಳೆಯುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ಉತ್ತರಪತ್ರಿಕೆಯ ಉದ್ದಕ್ಕೂ ಒಂದೇ ಕ್ರಮವಿದೆಯೇ ಎಂದು ಬೇಕಾದರೆ ನೋಡಬಹುದು. ನಾವು ಕನ್ನಡದಲ್ಲಿಯೇ ಕೀಟ್ಸನ, ಕೀಟ್ಸ್‌ನ ಎಂದು ಎರಡು ಬಗೆಯಾಗಿ ಬರೆಯುತ್ತಿಲ್ಲವೇ? ಇಂಗ್ಲಿಷರ ಸ್ಥಳನಾಮಗಳಲ್ಲಂತೂ ಈ ಐಕಮತ್ಯವೂ ಇಲ್ಲ. ಸಂತ ಜೇಮ್ಸನ ಹೆಸರಿನ ಲಂಡನ್ನಿನ ಉದ್ಯಾನಕ್ಕೆ ಚಿಹ್ನೆಯೂ ಎಸ್ಸೂ ಇವೆ. ನ್ಯೂಕಾಸಲ್ ನಗರದ ಕಾಲ್ಚೆಂಡಿನ ಮೈದಾನಕ್ಕೆ ಚಿಹ್ನೆ ಮಾತ್ರ. ಎಕ್ಸೆಟರಿನ ಮೈದಾನಕ್ಕೆ ಎರಡೂ ಇಲ್ಲ.

ನ್ಯಾಯಾಲಯವೂ ಈ ತೊಡಕಿನಿಂದ ಪಾರಾಗಿಲ್ಲ. ೨೦೦೬ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಕ್ಯಾನ್ಸಸ್ ರಾಜ್ಯದ ಮರಣದಂಡನೆಯ ಶಾಸನವನ್ನು ಐದಕ್ಕೆ ನಾಲ್ಕು ಮತಗಳಿಂದ ಎತ್ತಿಹಿಡಿದಾಗ, ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಥಾಮಸ್ ಅವರು ರಾಜ್ಯದ ಹೆಸರಿಗೆ ಚಿಹ್ನೆಯೊಂದನ್ನೇ ಇಟ್ಟರು. ಭಿನ್ನಮತದ ತೀರ್ಪಿನಲ್ಲಿ ನ್ಯಾಯಮೂರ್ತಿ ಸೌಟರ್ ಅವರು ಎಸ್ಸನ್ನೂ ಸೇರಿಸಿದರು. ಥಾಮಸ್ ಅವರ ಹೆಸರೂ ಸಕಾರಾಂತವೇ. ಮರುವರ್ಷ, ೨೦೦೭ರಲ್ಲಿ, ಆರ್ಕನ್ಸಾ ರಾಜ್ಯದ ಪ್ರತಿನಿಧಿಸಭೆಯು ತನ್ನ ರಾಜ್ಯನಾಮದ ಷಷ್ಠಿಗೆ ಚಿಹ್ನೆಯ ಬಳಿಕ ಎಸ್ ಇರತಕ್ಕದ್ದೆಂದು ನಿರ್ಣಯ ಅಂಗೀಕರಿಸಿತು. ಬರೆಹದಲ್ಲಿ ಆ ಹೆಸರಿನ ಕೊನೆಗೆ ಎಸ್ ಇದೆ, ನುಡಿಯಲ್ಲಿ ಇಲ್ಲ. ಅದನ್ನು ಉಚ್ಚರಿಸಕೂಡದೆಂದು ಅದೇ ರಾಜ್ಯದ ಶಾಸನಸಭೆಯು ೧೮೮೧ರಲ್ಲಿಯೇ ಗೊತ್ತುಮಾಡಿತ್ತು. ಆದುದರಿಂದ ಅಲ್ಲಿಯ ಷಷ್ಠಿಯಲ್ಲಿ ಮೊದಲಿನ ಎಸ್ ಮೌನವಾಗಿಯೂ ಎರಡನೆಯದು ಧ್ವನಿಸಹಿತವಾಗಿಯೂ, ನಡುವೆ ಚಿಹ್ನೆಯೊಂದು ಇದ್ದುಕೊಂಡು, ಅಕ್ಕಪಕ್ಕದಲ್ಲಿ ನಿಂತಿವೆ.