ನಾಲ್ಕು ಪರಮಾಣುಗಳ ಉಂಗುರ

1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದ ಕಥೆಯನ್ನು ನೀವು ಓದಿದ್ದೀರಿ. ಅದರ ಶಕ್ತಿ ಎಲ್ಲಿ ಅಡಗಿದೆ, ಬಲ್ಲಿರಾ? 1945ರಲ್ಲಿ ಆಕ್ಸ್‌ಫರ್ಡಿನ ಡೊರೊಥಿ ಹಾಡ್ಜ್‌ಕಿನ್ ಕ್ಷ-ಕಿರಣಗಳ ನೆರವಿನಿಂದ ಅದರ ರಚನೆಯನ್ನು ತೋರಿಸಿಕೊಟ್ಟರು. ಮೂರು ಇಂಗಾಲ, ಒಂದು ಸಾರಜನಕ ಪರಮಾಣು ಸೇರಿದ ಬೀಟಾ-ಲ್ಯಾಕ್ಟಮ್ ಉಂಗುರವೇ ಅದರ ಜೀವಾಳ. ಈ ಉಂಗುರ ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವ ಕಿಣ್ವಕ್ಕೆ ಅಂಟಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಭಿತ್ತಿ ಶಿಥಿಲವಾಗಿ ಬ್ಯಾಕ್ಟೀರಿಯಾ ಒಡೆಯುತ್ತದೆ. ನಮ್ಮ ಜೀವಕೋಶಗಳಿಗೆ ಅಂಥ ಭಿತ್ತಿಯೇ ಇಲ್ಲ.

ಆದರೆ ಪೆನಿಸಿಲಿನ್ನನ್ನು ನಾಶಮಾಡುವ ಕಿಣ್ವವೊಂದು ಬ್ಯಾಕ್ಟೀರಿಯಾಗಳಲ್ಲಿ ಉಂಟೆಂದು ಅಬ್ರಹಾಂ ಮತ್ತು ಚೈನ್ 1940ರಲ್ಲೇ ಪ್ರಕಟಿಸಿದ್ದರು. ಅದು ಮುರಿಯುವುದು ಈ ಉಂಗುರವನ್ನೇ. ಆ ಕಿಣ್ವಕ್ಕೆ ಬಗ್ಗದ ಮೆಥಿಸಿಲಿನ್ ಬಂತು. 1961ರಲ್ಲಿ ಅದನ್ನೂ ಎದುರಿಸಬಲ್ಲ ಬ್ಯಾಕ್ಟೀರಿಯಾ ವರದಿಯಾಯಿತು. ಅರೆಬರೆ ಪ್ರಮಾಣ ರೋಗಾಣುವನ್ನು ಬಲಪಡಿಸುತ್ತದೆಂದು ಫ್ಲೆಮಿಂಗ್ 1945ರಲ್ಲೇ ನೊಬೆಲ್ ಉಪನ್ಯಾಸದಲ್ಲಿ ಎಚ್ಚರಿಸಿದ್ದರು. ವೈದ್ಯರ ಚೀಟಿಯಿಲ್ಲದೆ ಮಾತ್ರೆ ನುಂಗುವ ಮುನ್ನ ಆ ಮಾತನ್ನು ನೆನೆಯಿರಿ.