ಕೋವಿ ತಾತನದು, ಲೈಸೆನ್ಸ್ ಯಾರದು?

ಕೊರಟಗೆರೆ ಕಡೆಯ ವೀಕ್ಷಕರೊಬ್ಬರು ಕಾರ್ಯಕ್ರಮ ಮುಗಿದ ಮೇಲೆ ಫೋನ್ ಮಾಡಿದ್ರು. "ಸಾರ್, ನಮ್ಮ ತಾತನ ಕಾಲದ ವಿಂಚೆಸ್ಟರ್ ರೈಫಲ್ ಮನೇಲಿದೆ. ಹೋದ ತಿಂಗಳು ಅಪ್ಪನೂ ತೀರಿಕೊಂಡ್ರು. ಮಾರಿದ್ರೆ ಲಕ್ಷಗಟ್ಟಲೆ ಬರುತ್ತಂತೆ, ಹೌದಾ?" ನಾನು ಕೇಳಿದ್ದು ಒಂದೇ ಪ್ರಶ್ನೆ: "ಈಗ ಲೈಸೆನ್ಸ್ ಯಾರ ಹೆಸರಲ್ಲಿದೆ?" ಆ ಕಡೆಯಿಂದ ಉತ್ತರವಿಲ್ಲ.

ಮೊದಲು ಆ ರೈಫಲ್ ಕಥೆ ಕೇಳಿ. ಎಂಜಿನಿಯರಿಂಗ್ ಓದಿದವನು ನಾನು, ಯಂತ್ರ ಅಂದ್ರೆ ಕಣ್ಣು ಅಲ್ಲೇ ನಿಲ್ಲುತ್ತೆ. ನಮ್ಮ ನಾಡಕೋವಿಗೆ ಪ್ರತಿ ಸಲವೂ ನಳಿಗೆಯ ಬಾಯಿಂದ ಮದ್ದು ತುಂಬಿ ಜಡಿಯಬೇಕು. ಲಿವರ್ ರೈಫಲ್‌ನಲ್ಲಿ ಹಾಗಲ್ಲ. ಟ್ರಿಗರ್ ಸುತ್ತಲಿನ ಕಬ್ಬಿಣದ ಹಿಡಿಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದರೆ ಮುಗೀತು: ಖಾಲಿ ತೋಟಾ ಹೊರಗೆ, ಹೊಸದು ಒಳಗೆ. ಇದರಲ್ಲಿ ಹೆಸರಾದದ್ದು ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ 1895ರ ವಿಂಚೆಸ್ಟರ್. ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾ ಬೇಟೆಗೆ ಒಯ್ದದ್ದು ಇದನ್ನೇ, .405 ಗಾತ್ರದ್ದು.

ಅದೇ .405 ವಿಂಚೆಸ್ಟರ್ ನಮ್ಮ ಕಾಡುಗಳನ್ನೂ ಸುತ್ತಿದೆ! ಬೆಂಗಳೂರಿನ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ ಅವರ ಮೆಚ್ಚಿನ ರೈಫಲ್ ಅದು. ತೇಜಸ್ವಿಯವರು ಕನ್ನಡಕ್ಕೆ ತಂದ ಕಾಡಿನ ಕಥೆಗಳ ಮೂಲಕ ಆಂಡರ್ಸನ್ ನಮಗೆಲ್ಲ ಪರಿಚಯ. 1954ರ ಅವರ ಮೊದಲ ಪುಸ್ತಕದಲ್ಲಿ ನಮ್ಮ ದೇವರಾಯನದುರ್ಗದ ಸನ್ಯಾಸಿಯ ಬಗ್ಗೆಯೇ ಒಂದು ಅಧ್ಯಾಯವಿದೆ.

ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ಹರಿಯುತ್ತೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಶಿಕಾರಿಯ ಕಾಲ ಮುಗೀತು. ಇವತ್ತು ಮಧುಗಿರಿಯ ಮೈದನಹಳ್ಳಿಯಲ್ಲಿ ಅದೇ ನದಿಯ ಹೆಸರಿನ ಕೃಷ್ಣಮೃಗ ಸಂರಕ್ಷಣಾ ಮೀಸಲು ಇದೆ, ಸುಮಾರು 798 ಎಕರೆ. ಗುಂಡಿಗೆ ಹೆದರಿ ಓಡುತ್ತಿದ್ದ ಪ್ರಾಣಿಯನ್ನು ನೋಡೋಕೆ ಈಗ ಮಕ್ಕಳು ಬರ್ತಾರೆ.

ಹಾಗಾದ್ರೆ ತಾತನ ರೈಫಲ್ ಏನಾಗಬೇಕು? 1878ರಲ್ಲಿ ಬ್ರಿಟಿಷರು ತಂದ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯನಿಗೆ ಲೈಸೆನ್ಸ್ ಕಡ್ಡಾಯ ಮಾಡಿ ಬಿಳಿಯರಿಗೆ ವಿನಾಯಿತಿ ಕೊಟ್ಟಿತ್ತು. ಅದು ಅವಮಾನ, ನಿಜ. ಸ್ವತಂತ್ರ ಭಾರತ 1959ರಲ್ಲಿ ತನ್ನದೇ ಕಾಯ್ದೆ ಮಾಡಿತು. ಕೊಡಗಿನವರ ಹಳೆಯ ವಿನಾಯಿತಿ ಉಳಿಯಿತು, ಬಯಲುಸೀಮೆಯ ನಮಗೆ ಲೈಸೆನ್ಸ್ ಬೇಕೇ ಬೇಕು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪಿತ್ರಾರ್ಜಿತ ಕೋವಿಯೂ ಆ ಲೆಕ್ಕದೊಳಗೇ.

ಇಷ್ಟು ಬಿಗಿ ಯಾಕೆ ಅಂತೀರಾ? ಪಾವಗಡದವರನ್ನು ಕೇಳಿ. 2005ರ ಫೆಬ್ರವರಿಯ ಒಂದು ರಾತ್ರಿ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ನಕ್ಸಲರು ದಾಳಿ ಮಾಡಿದ್ರು. ನಮ್ಮ ಪೊಲೀಸರು ಅಲ್ಲೇ ಪ್ರಾಣ ಬಿಟ್ಟರು. ಲೆಕ್ಕಕ್ಕೆ ಸಿಗದ ಒಂದೊಂದು ಬಂದೂಕಿನ ಬೆಲೆ ಏನು ಅಂತ ಆ ಊರಿಗೆ ಗೊತ್ತು.

ಲೈಸೆನ್ಸ್‌ದಾರ ತೀರಿಕೊಂಡರೆ ವಾರಸುದಾರರು ತಡ ಮಾಡದೆ ಕೋವಿಯನ್ನು ಪೊಲೀಸ್ ಠಾಣೆಗೋ ಪರವಾನಗಿ ಇರುವ ಬಂದೂಕು ಅಂಗಡಿಗೋ ಒಪ್ಪಿಸಬೇಕು. ಆಮೇಲೆ ತಮ್ಮ ಹೆಸರಿಗೆ ಲೈಸೆನ್ಸ್ ಕೇಳಿ ಅರ್ಜಿ ಹಾಕಬಹುದು, ಇಲ್ಲವೇ ಲೈಸೆನ್ಸ್ ಇದ್ದವರಿಗೆ ಮಾರಬಹುದು. ಸುಮ್ಮನೆ ಅಟ್ಟದ ಮೇಲಿಟ್ಟರೆ? ಎರಡರಿಂದ ಐದು ವರ್ಷ ಜೈಲು. ಹೊಲ, ಮನೆ ಭಾಗ ಮಾಡಿಕೊಂಡ ಹಾಗೆ ಇದನ್ನು ಅಣ್ಣತಮ್ಮಂದಿರು ಹಂಚಿಕೊಳ್ಳೋಕೆ ಆಗಲ್ಲ. ಕೋವಿ ತಾತನದೇ ಇರಬಹುದು. ಲೈಸೆನ್ಸ್ ಮಾತ್ರ ತಾತನ ಜೊತೆಗೇ ಹೋಗುತ್ತೆ.

ಆ ವೀಕ್ಷಕರು ಮರುದಿನವೇ ರೈಫಲ್ಲನ್ನು ಠಾಣೆಗೆ ಒಪ್ಪಿಸಿ ರಸೀದಿ ತಗೊಂಡ್ರು. "ಮನೆ ಖಾಲಿ ಅನ್ನಿಸ್ತಿದೆ ಸಾರ್, ಆದ್ರೆ ರಾತ್ರಿ ನಿದ್ದೆ ಬಂತು" ಅಂದ್ರು. ನಿಮ್ಮ ಅಟ್ಟವನ್ನೂ ಒಮ್ಮೆ ನೋಡಿ.